ಮುರಕಲ್ಲಿನ ನೆಲ



ಬಿತ್ತುವವನ ಸಾಮತಿಯಲ್ಲಿ ಕೆಲವು ಬೀಜಗಳು ಕಲ್ಲುನೆಲದಲ್ಲಿ ಬಿದ್ದು, ಬೇಗ ಮೊಳೆತು, ಬಿಸಿಲಿಗೆ ಬಾಡಿದವು (ಮತ್ತಾಯ 13). ಕಾಸರಗೋಡಿನ ನಮಗೆ ಆ ನೆಲ ಗೊತ್ತು, ನಮ್ಮ ಮುರಕಲ್ಲಿನ ಪದವು. ಗಟ್ಟಿ ಬಂಡೆ ಲಕ್ಷಾಂತರ ಮಳೆಗಾಲ ನೆನೆದು ಶಿಥಿಲವಾಗಿ, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣದ ಕೆಂಪು ಉಳಿದದ್ದೇ ಮುರಕಲ್ಲು. ನೆಲದೊಳಗೆ ಅದು ಮೆತ್ತಗೆ, ಕಡಿಯಲು ಬರುತ್ತದೆ. ಮೇಲಿನ ಮಣ್ಣು ಕೊಚ್ಚಿಹೋಗಿ ಬಿಸಿಲು ಗಾಳಿ ತಾಗಿದರೆ ಬಿಗಿಯುತ್ತದೆ.

ಗಡಿಕಲ್ಲಿನ ಜಗಳವೂ ಮೊದಲ ವಾರ ಮೆತ್ತಗೇ ಇರುತ್ತದೆ. ಮಾತುಬಿಟ್ಟ ಅಣ್ಣತಮ್ಮಂದಿರು ಒಂದೇ ಬಲಿಪೂಜೆಗೆ ಬಂದು ದೂರದೂರ ಕೂರುವುದು ಪೀಠದಿಂದ ಕಾಣುತ್ತದೆ. (ನಿಮಗೂ ಕಾಣುತ್ತದೆ.)

ಆದರೆ ಇದೇ ಮುರಕಲ್ಲಿನ ಗುಡ್ಡದಲ್ಲಿ ಹಿರಿಯರು ಪಿಕ್ಕಾಸಿನಿಂದ ಸುರಂಗ ಕೊರೆದು ನೀರು ತಂದರು, ದಿನಕ್ಕೆ ಇಷ್ಟಿಷ್ಟೇ. ಶನಿವಾರ ಸಂಜೆ ಪಾಪನಿವೇದನೆಗೆ ಕುಳಿತಿರುತ್ತೇನೆ. ಬರುವ ಮುಂಚೆ ಅಣ್ಣನ ಮನೆಗೊಮ್ಮೆ ಹೋಗಿಬನ್ನಿ.