ವೈ ವರ್ಣತಂತುವಿಗೆ ಗೋತ್ರದ ಹೊರೆ

ಗೋತ್ರ ಗಂಡುಸಂತತಿಯ ಗುರುತು. ವೈ ವರ್ಣತಂತುವೂ ತಂದೆಯಿಂದ ಮಗನಿಗಷ್ಟೇ ಇಳಿಯುತ್ತದೆ. ಈ ಹೋಲಿಕೆಯನ್ನೇ ಹಿಡಿದು, ಆರ್1ಎ ಎಂಬ ಪಿತೃವಂಶ ಯಾರಲ್ಲಿದೆಯೋ ಅವರೇ ವೇದದ ನಿಜವಾದ ವಾರಸುದಾರರು ಎನ್ನುವ ವಾದ ಈಚೆಗೆ ಕೇಳಿಬರುತ್ತಿದೆ. ರಕ್ತದ ಜೊತೆ ಧರ್ಮವೂ ಹರಿದು ಬರುತ್ತದೆಯೇ? ಹಳಿಯಾಳ, ಜೋಯಿಡಾ, ಮುಂಡಗೋಡದ ಸಿದ್ದಿಗಳನ್ನು ನೋಡಿದರೆ ಇಲ್ಲವೆಂದೇ ಹೇಳಬೇಕಾಗುತ್ತದೆ. ಭಾರತದಲ್ಲಿ ತೀರ ಅಪರೂಪವಾದ ಪಿತೃವಂಶಗಳು ಇವರಲ್ಲಿವೆ. ಇವರ ಮೂಲ ಆಫ್ರಿಕದ ಬಂಟು ಭಾಷಿಕರಲ್ಲಿದೆ, ಸುಮಾರು 200 ವರ್ಷಗಳಿಂದೀಚೆಗೆ ಇಲ್ಲಿನ ಜನರೊಡನೆ ಬೆರೆತಿದ್ದಾರೆ ಎಂದು 2011ರ ಅಧ್ಯಯನವೊಂದು ತೋರಿಸಿತು. ತಾಯಿಯ ಕಡೆಯ ಗುರುತುಗಳಲ್ಲಿ ಭಾರತದ ಪಾಲೂ ಇದೆ. ಮೂಲ ಒಂದೇ ಆದರೂ ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ತೀರಿಹೋದ ಹಿರಿಯರನ್ನು ನೆನೆಯುವ ಹಿರಿಯಾರ ಪೂಜೆ ಮಾತ್ರ ಈ ಗೆರೆಗಳನ್ನು ದಾಟಿ ಉಳಿದಿದೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಕ್ರಿ.ಪೂ. 2000ದಿಂದ 1500ರ ನಡುವೆ ಸ್ಟೆಪ್ ಹುಲ್ಲುಗಾವಲಿನ, ಆರ್1ಎ ಹೊತ್ತ ಪಶುಪಾಲಕರ ವಂಶ ದಕ್ಷಿಣ ಏಷ್ಯಾಕ್ಕೆ ಬಂತೆಂದೂ, ಪುರೋಹಿತ ಸಮುದಾಯಗಳಲ್ಲಿ ಅದರ ಪಾಲು ಹೆಚ್ಚೆಂದೂ 2019ರ ಸಂಶೋಧನೆ ಹೇಳಿತು. ಇಂಡೋ-ಇರಾನಿಯನ್ ನುಡಿಗಳು ಹರಡಿದ ದಾರಿಗೆ ಅದು ಒಳ್ಳೆಯ ಸಾಕ್ಷಿ, ಅಲ್ಲಗಳೆಯಬೇಕಿಲ್ಲ. ಆದರೆ ಅದು ಸಮುದಾಯದ ಸರಾಸರಿ, ವ್ಯಕ್ತಿಯ ಅರ್ಹತೆಯಲ್ಲ. ವೇದದ ಗೊಡವೆಯಿಲ್ಲದ ಆಂಧ್ರದ ಚೆಂಚುಗಳಲ್ಲೂ ಆರ್1ಎ ಸಿಕ್ಕಿದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1024 ಹಿರಿಯರ ಜಾಗ. ವೈ ವರ್ಣತಂತು ಅವರಲ್ಲಿ ಒಬ್ಬನ ಸುದ್ದಿಯನ್ನಷ್ಟೇ ಹೇಳುತ್ತದೆ. ಉಳಿದ 1023 ಜನ ಏನು ಪಾಪ ಮಾಡಿದ್ದರು? ಅಷ್ಟಕ್ಕೂ ಗೋತ್ರವನ್ನು ಬರೀ ರಕ್ತವೆಂದು ನಮ್ಮ ಶಾಸ್ತ್ರಕಾರರೇ ಒಪ್ಪಿಲ್ಲ. ದತ್ತುಪುತ್ರನಿಗೆ ಸಾಕುತಂದೆಯ ಗೋತ್ರ ಬರುತ್ತದೆ. ಕ್ಷತ್ರಿಯ ತನ್ನ ಪುರೋಹಿತನ ಪ್ರವರವನ್ನು, ಅಂದರೆ ಗೋತ್ರದ ಋಷಿಗಳ ಹೆಸರುಗಳನ್ನು, ಹೇಳಬಹುದು.

ಹಾಗಾದರೆ ಹಿರಿಯಾರ ಪೂಜೆಯೂ ವಂಶದ ಅಭಿಮಾನವೇ ಅಲ್ಲವೇ ಎಂದು ಕೇಳಬಹುದು. ಹಿರಿಯರ ಋಣ ನೆನೆಯುವುದು ಬೇರೆ, ಅವರ ಹೆಸರಿನಲ್ಲಿ ಹಕ್ಕು ಚಲಾಯಿಸುವುದು ಬೇರೆ. ಪರಂಪರೆಗೆ ಗಂಡುಸಂತತಿಯೇ ಆಧಾರ ಎನ್ನುವವರು ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗಿ ಡ್ರೆಪುಂಗ್ ಮಠದ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ. ಕೂತ ಭಿಕ್ಷುವಿನ ಮುಂದೆ ನಿಂತವನು ನೆಲಕ್ಕೆ ಕಾಲಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕೂತವನು ತರ್ಕದಿಂದಲೇ ಉತ್ತರಿಸಬೇಕು. 1416ರಲ್ಲಿ ಲಾಸಾದ ಬಳಿ ಶುರುವಾದ ಈ ಮಠದ ವಿದ್ಯೆ ಬ್ರಹ್ಮಚಾರಿಗಳ ಬಾಯಿಂದ ಬಾಯಿಗೆ ದಾಟಿ ಇಲ್ಲಿಯವರೆಗೆ ಬಂದಿದೆ. ಅದನ್ನು ಉಳಿಸಿಕೊಳ್ಳಲು ಯಾರ ವೈ ವರ್ಣತಂತುವೂ ಬೇಕಾಗಲಿಲ್ಲ.