ಬೂದಿಯ ಋಣ

ಸಂಜೆ ಏಳಕ್ಕೆ ಕೋಪರಖೈರಣೆಯ ನಮ್ಮ ಕಟ್ಟಡದ ಕಿಟಕಿಗಳೆಲ್ಲ ಬೆಳಗುತ್ತವೆ. ಆ ಬೆಳಕಿಗಾಗಿ ಎಲ್ಲಿ ಏನು ಉರಿಯಿತೆಂದು ಯಾರೂ ಕೇಳುವುದಿಲ್ಲ. ಇಲ್ಲಿಗೆ ಕರೆಂಟು ಚಂದ್ರಪುರದಂಥ ದೂರದ ಊರುಗಳಿಂದ ಬರುತ್ತದೆ. ರಾಯಚೂರು ಸೀಮೆಯವನಾದ ನನಗೆ ಮಾತ್ರ ಕೃಷ್ಣೆಯ ದಂಡೆಯ ಶಕ್ತಿನಗರ ನೆನಪಾಗುತ್ತದೆ. ಎರಡೂ ಕಡೆಯ ಕಥೆ ಒಂದೇ.

ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮುಂದೆ ಅದು ಎಂಟು ಘಟಕಗಳಾಗಿ 1720 ಮೆಗಾವ್ಯಾಟ್‌ಗೆ ಬೆಳೆಯಿತು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಸಿಂಗರೇಣಿಯಂಥ ಕಡೆಯಿಂದ ರೈಲಿನಲ್ಲಿ ಬರಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಬೂದಿ. ಬೆಳಕು ತಂತಿ ಹಿಡಿದು ಊರೂರಿಗೆ ಹೋಗುತ್ತದೆ. ಸಿಮೆಂಟಿಗೂ ಇಟ್ಟಿಗೆಗೂ ಹೋಗಿ ಮಿಕ್ಕ ಬೂದಿ ಅಲ್ಲೇ ಹೊಂಡದಲ್ಲಿ ಉಳಿಯುತ್ತದೆ.

‘ಹಳೇ ಘಟಕ ಮುಚ್ಚಿಬಿಡಿ’ ಎನ್ನುವುದು ಸುಲಭ. ಎಸಿ ಹಾಕಿಕೊಂಡು ಕೂತು ನಾನೂ ಅಂದಿದ್ದೇನೆ. ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕ್ ಹಗಲಿಗೆ ಆಸರೆ. ಹೊತ್ತು ಮುಳುಗಿದ ಮೇಲೆ ಮತ್ತೆ ಕಲ್ಲಿದ್ದಲಿನ ಬಾಗಿಲು ತಟ್ಟುತ್ತೇವೆ. ಆದರೂ ಮುಚ್ಚುವ ದಿನ ಬರುತ್ತದೆ, ಬರಲೂಬೇಕು.

ನನ್ನ ಪ್ರಶ್ನೆ ಅದರ ಮರುದಿನದ್ದು. ನಲವತ್ತು ವರ್ಷ ದುಡಿದ ನೌಕರನಿಗೆ ಪಿಂಚಣಿ ಉಂಟು. ಅಷ್ಟೇ ವರ್ಷ ನೆಲ, ನೀರು, ಉಸಿರು ಕೊಟ್ಟ ಊರಿಗೆ? ಗುತ್ತಿಗೆ ಕೂಲಿಯವನಿಗೆ, ಗೇಟಿನೆದುರು ಚಹಾ ಮಾರುವವಳಿಗೆ? ಸರ್ಕಾರ ನೋಡಿಕೊಳ್ಳಲಿ ಎಂದರೆ ನಮ್ಮ ಪಾಲು ಮುಗಿಯುವುದಿಲ್ಲ. ಬೂದಿ ಹೊಂಡಕ್ಕೆ ಮಣ್ಣು ಹಾಕಿ ಗಿಡ ನೆಡುವ, ಅಲ್ಲಿನವರಿಗೆ ಬೇರೆ ಕೆಲಸ ಒದಗಿಸುವ ಖರ್ಚೂ ಬೆಳಕಿನ ಬೆಲೆಯಲ್ಲಿ ಸೇರಬೇಕು.

ಯೂನಿಟ್ಟಿಗೆ ನಾಲ್ಕಾಣೆ ಏರಿದರೆ ಗೊಣಗುತ್ತೇವೆ. ನಮ್ಮ ಬಿಲ್ಲಿನಲ್ಲಿ ಬರೆಯದೆ ಬಿಟ್ಟ ಬಾಕಿಯನ್ನು ಇಷ್ಟು ವರ್ಷ ಇನ್ಯಾರೋ ಕಟ್ಟುತ್ತ ಬಂದಿದ್ದಾರೆ.