‘ನಿಷ್ಪ್ರತೀಕಾರ’ ಎಂಬ ಮಾತು ಮತ್ತು ವೃದ್ಧರ ಯಕೃತ್ತಿನ ಕ್ಯಾನ್ಸರ್

ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಉಪಸರ್ಗ, ದುರ್ಭಿಕ್ಷ, ಜರೆ, ರೋಗ ಎಂಬ ನಾಲ್ಕು ಸಂದರ್ಭಗಳನ್ನು ಹೇಳಿ, ಅವುಗಳಿಗೆ ‘ನಿಷ್ಪ್ರತೀಕಾರ’, ಎಂದರೆ ಪರಿಹಾರವಿಲ್ಲದ, ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಶ್ರಾವಕರಿಗೆ ನಾಲ್ಕು ಸಂದರ್ಭಗಳು ನೆನಪಿರುತ್ತವೆ, ವಿಶೇಷಣವು ಮರೆತುಹೋಗುತ್ತದೆ.

ಲಕ್ಷ್ಮೇಶ್ವರದ ಒಬ್ಬ ಎಪ್ಪತ್ತೆಂಟರ ಹಿರಿಯರಿಗೆ ಯಕೃತ್ತಿನಲ್ಲಿ ಗಡ್ಡೆ ಕಂಡಿತೆಂದು ಭಾವಿಸೋಣ. “ವಯಸ್ಸಾಯಿತು, ಇನ್ನು ಧರ್ಮಧ್ಯಾನವೇ ಔಷಧ” ಎಂದು ಮನೆಯವರು ಹುಬ್ಬಳ್ಳಿಗೂ ಕರೆದೊಯ್ಯುವುದಿಲ್ಲ. ಅದೇ ಗಡ್ಡೆ ಮುಂಡರಗಿಯ ನಲವತ್ತರ ಗೃಹಸ್ಥನಿಗೆ ಬಂದರೆ ಹೊಲ ಮಾರಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೂ ಹೋಗುತ್ತಾರೆ. ಎರಡೂ ಕಡೆ ಪ್ರತೀಕಾರವುಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸಿದ್ದು ಜನ್ಮವರ್ಷ.

ವೈದ್ಯಶಾಸ್ತ್ರ ಹಾಗೆ ನಿರ್ಣಯಿಸುವುದಿಲ್ಲ. ಅದು ಗಡ್ಡೆಯ ಗಾತ್ರ, ಸಂಖ್ಯೆ, ಉಳಿದ ಯಕೃತ್ತಿನ ಶಕ್ತಿ, ಕಾಮಾಲೆ, ಜಲೋದರ, ರೋಗಿಯ ನಡೆದಾಡುವ ಸಾಮರ್ಥ್ಯಗಳನ್ನು ನೋಡುತ್ತದೆ. ಯಕೃತ್ತು, ಹೃದಯ, ಮೂತ್ರಪಿಂಡಗಳು ಸಮರ್ಥವಾಗಿರುವ ವೃದ್ಧರನ್ನು ಆರಿಸಿ ಶಸ್ತ್ರಚಿಕಿತ್ಸೆ ಮಾಡಿದಾಗ ಫಲವು ಕಿರಿಯರ ಫಲಕ್ಕೆ ಸಮೀಪವಾಗಿರುವುದನ್ನು ಜಪಾನ್ ಮೊದಲಾದ ದೇಶಗಳ ವೈದ್ಯರು ಕಂಡಿದ್ದಾರೆ. ಚೇತರಿಕೆ ಮಾತ್ರ ನಿಧಾನ. ಸುಮಾರು 3 ಸೆಂಟಿಮೀಟರಿನೊಳಗಿನ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಸೂಜಿಯ ಮೂಲಕ ಶಾಖ ಕೊಟ್ಟು ಸುಡುವುದೂ ಸಾಧ್ಯ. ಇದಕ್ಕೆ ಪ್ರತಿಯಾಗಿ, ಹೆಪಟೈಟಿಸ್ ಬಿ ಸೋಂಕಿನಿಂದ ಯುವಕನಲ್ಲಿ ಹುಟ್ಟಿದ ಗಡ್ಡೆಯು ಯಕೃತ್ತಿಗೆ ರಕ್ತ ತರುವ ದೊಡ್ಡ ಸಿರೆಯನ್ನು ಹೊಕ್ಕ ಮೇಲೆಯೇ ತಿಳಿಯುವುದುಂಟು. ಆಗ ಹೊಲ ಮಾರಿದರೂ ಗುಣವಾಗುವ ಭರವಸೆ ಅಲ್ಪ.

ಪರಂಪರೆಯೂ ಇದನ್ನೇ ತೋರಿಸುತ್ತದೆ. ಭಸ್ಮಕವ್ಯಾಧಿಯಿಂದ ನೊಂದ ಸಮಂತಭದ್ರರು ಸಮಾಧಿಮರಣವನ್ನು ಬೇಡಿದಾಗ ಗುರುಗಳು ಅನುಮತಿಸದೆ, ದೀಕ್ಷೆಯನ್ನು ಬದಿಗಿರಿಸಿಯಾದರೂ ರೋಗವನ್ನು ಕಳೆದುಕೊಳ್ಳುವಂತೆ ಆಜ್ಞಾಪಿಸಿದರೆಂದು ಕಥೆ. ಇನ್ನೊಂದೆಡೆ, ಬೆಳಗಾವಿ ಸೀಮೆಯ ಭೋಜದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿದ್ದು ಎಂಬತ್ತು ದಾಟಿತೆಂಬ ಕಾರಣಕ್ಕಲ್ಲ. ಕಣ್ಣು ಮಂದವಾಗಿ, ಜೀವಗಳನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ಕೆಡುವುದೆಂದು. ಗೃಹಸ್ಥನಿಗೆ ಆ ಮಹಾವ್ರತದ ಹೊಣೆಯಿಲ್ಲ.

ಚಿಕಿತ್ಸೆಗೆ ಒಪ್ಪಿದ ಮನೆಯಲ್ಲಿ ಆಹಾರದ ಪ್ರಶ್ನೆ ಏಳುತ್ತದೆ. ಸಿರೋಸಿಸ್ ಆದ ಯಕೃತ್ತಿನಲ್ಲಿ ಶರ್ಕರದ ಸಂಗ್ರಹ ಸಾಲದು. ಒಂದು ರಾತ್ರಿಯ ನಿರಾಹಾರವು ಆರೋಗ್ಯವಂತನ ಎರಡು ಮೂರು ದಿನಗಳ ಉಪವಾಸದಂತೆ ದೇಹವನ್ನು ಕರಗಿಸುತ್ತದೆ. ಆದುದರಿಂದ ವೈದ್ಯರು ಮಲಗುವ ಮುನ್ನ ಅಲ್ಪಾಹಾರ ಹೇಳುತ್ತಾರೆ. ರಾತ್ರಿಭೋಜನ ತ್ಯಜಿಸಿದ ಅಜ್ಜಿಗೆ ಇದು ದೊಡ್ಡ ಸಂಕಟ, ಹಗುರವಾಗಿ ಕಾಣತಕ್ಕದ್ದಲ್ಲ. ಸೂರ್ಯಾಸ್ತಕ್ಕೆ ತೀರ ಸಮೀಪ ಒಮ್ಮೆ, ಸೂರ್ಯೋದಯದ ಬಳಿಕ ತಡಮಾಡದೆ ಒಮ್ಮೆ ಉಣ್ಣುವುದರಿಂದ ಅಂತರವನ್ನು ತಗ್ಗಿಸಬಹುದು. ಅಷ್ಟು ಸಾಕೇ ಎಂಬುದನ್ನು ವೈದ್ಯರಲ್ಲಿಯೂ ವ್ರತವಿತ್ತ ಗುರುಗಳಲ್ಲಿಯೂ ಕೇಳಬೇಕು. ಅಷ್ಟಮಿ ಚತುರ್ದಶಿಗಳ ಉಪವಾಸವನ್ನಂತೂ ಆ ಕಾಲಕ್ಕೆ ನಿಲ್ಲಿಸಬೇಕು. ಷೋಡಶಕಾರಣ ಭಾವನೆಗಳಲ್ಲಿಯೂ ತಪಸ್ಸನ್ನು ಹೇಳಿರುವುದು ಶಕ್ತಿಗನುಸಾರವಾಗಿಯೇ.

ಇವೆಲ್ಲಕ್ಕೂ ಮೊದಲು ರೋಗದ ಹೆಸರನ್ನು ಹಿರಿಯರಿಗೆ ತಿಳಿಸಬೇಕು. ಗದಗ-ಬೆಟಗೇರಿಯಲ್ಲಾಗಲಿ ಶಿರಹಟ್ಟಿಯಲ್ಲಾಗಲಿ, ವರದಿಯನ್ನು ಕಪಾಟಿನಲ್ಲಿಟ್ಟು “ಬರೇ ಬಾವು, ಗುಣ ಆಗ್ತದ” ಎನ್ನುವ ಮಕ್ಕಳು ಅಪರೂಪವಲ್ಲ. ಅವರ ಪ್ರೀತಿ ನಿಜವಾದದ್ದೇ. ಆದರೆ ತಿಳಿಯದವನು ಔಷಧವನ್ನೂ ಆರಿಸಲಾರ, ವ್ರತವನ್ನೂ ಆರಿಸಲಾರ. ಆತನ ಪರವಾಗಿ ಸಲ್ಲೇಖನೆಯನ್ನು ಸ್ವೀಕರಿಸುವ ಅಧಿಕಾರ ಮಗನಿಗಿಲ್ಲ.